ಘಾಟು ಬಾರದ ಮೆಣಸಿನಕಾಯಿ

ಕಸ್ತೂರಿಗೆ ಹೊಟ್ಟೆಕಿಚ್ಚು ಇದ್ದದ್ದು ರಾಮವ್ವನ ಬಂಗಾರದ ಮೇಲೆ ಅಲ್ಲ. ರಾಮವ್ವನ ಮೈಮೇಲೆ ಬಂಗಾರ ಅಂತ ಇದ್ದರೆ ತಾಳಿಯ ಗುಂಡು ಅಷ್ಟೇ. ಹೊಲದ ಮೇಲೂ ಅಲ್ಲ. ಆಕೆಗೆ ಹೊಟ್ಟೆಕಿಚ್ಚು ಇದ್ದದ್ದು ಒಂದು ಕೂಗಿನ ಮೇಲೆ.

ಬೆಳಗಾದರೆ ಗೋಡೆಯ ಆಚೆಯಿಂದ ರಾಮವ್ವನ ಗಂಡ ಮಾಲಿಂಗಪ್ಪ ಕೂಗುತ್ತಿದ್ದ.

"ಏ ರಾಮೀ, ಚಾ ಎಲ್ಲೈತಿ? ಸತ್ತ ಮ್ಯಾಲ ಬಾಯಾಗ ಬಿಡಾಕಿ ಏನು?"

ರಾಮವ್ವ ಒಲೆಯ ಮುಂದೆ ಕೂತಲ್ಲಿಂದಲೇ ಅನ್ನುತ್ತಿದ್ದಳು. "ಸಾಯಾಕ ನಿನಗೆಲ್ಲಿ ಪುರಸೊತ್ತೈತಿ? ಇಸ್ಪೇಟ ಆಡೂದು ಮುಗಿಲಿ, ಆಮ್ಯಾಲ ಸಾಯಿ."

ಅದನ್ನು ಕೇಳುತ್ತ ಕಸ್ತೂರಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಬೆರಳು ಹಣೆಯ ಮೇಲೇ ನಿಂತುಬಿಡುತ್ತಿತ್ತು. ಆಕೆಯನ್ನು ಬೈಯುವವರು ಯಾರೂ ಉಳಿದಿರಲಿಲ್ಲ.

ಹುಕ್ಕೇರಿಯ ಅಂಚಿನ ಓಣಿ ಅದು. ಕಸ್ತೂರಿಯ ತವರು ಮೂಡಲಗಿ. ಗಂಡ ಈಶ್ವರ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಖಾರ ಕುಟ್ಟುವ ಮಷೀನು ಹಾಕಿದ್ದ. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಯವರು ಸಂಕೇಶ್ವರಿ ಮೆಣಸಿನಕಾಯಿ ತಂದು ಸರದಿಗೆ ಕೂರುತ್ತಿದ್ದರು. ಈಶ್ವರ ಲಿಂಗಪೂಜೆ ಮುಗಿಸದೆ ಮಷೀನು ಮುಟ್ಟಿದವನಲ್ಲ. ಬೀಡಿ ಇಲ್ಲ, ಚಹಾ ಕೂಡ ಇಲ್ಲ. ಯಾರ ಖಾರದಲ್ಲೂ ಒಂದು ಚಿಟಿಕೆ ತೆಗೆದಿಟ್ಟುಕೊಂಡವನಲ್ಲ. ಮಠದ ದಾಸೋಹಕ್ಕೆ ವರ್ಷದ ಖಾರ ಇವನೇ ಕುಟ್ಟಿ ಕೊಡುತ್ತಿದ್ದ. ಕಾಯಕ ಮಾಡಿದವನ ಕೈ ಖಾಲಿ ಆಗುವುದಿಲ್ಲ ಅನ್ನುತ್ತಿದ್ದ. ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಇಕಿನ, ಬೆಲ್ಟ ಸಡ್ಲಾಗೇತಿ, ಇತ್ತಾಗ ಹಿಡಿ" ಅನ್ನುತ್ತಿದ್ದ.

ಅಂಥವನು ಕಾಮಣಿ, ಅಂದರೆ ಕಾಮಾಲೆ ಆಗಿ ಸತ್ತ. ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಊಟ ಸೇರುವುದಿಲ್ಲ ಅಂದ, ಪಿತ್ತ ಅಂದುಕೊಂಡರು. ಆಮೇಲೆ ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದರು. ಗೋಕಾಕದ ದವಾಖಾನೆಗೆ ಒಯ್ದಾಗ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಇಷ್ಟು ದಿನ ಏನ ಮಾಡಾಕತ್ತಿದ್ರಿ ಅಂದರು. ಆ ಮಾತಿಗೆ ಕಸ್ತೂರಿ ಇನ್ನೂ ಉತ್ತರ ಹುಡುಕುತ್ತಿದ್ದಳು.

ಇತ್ತ ಮಾಲಿಂಗಪ್ಪ. ಹಾಲುಮತದವರು, ಬೀರಪ್ಪನ ಒಕ್ಕಲು. ಅಪ್ಪ ಬಿಟ್ಟುಹೋದ ಕುರಿಯ ಹಿಂಡನ್ನು ಒಂದೊಂದಾಗಿ ಮಾರಿ ತಿಂದ, ಕುಡಿದ. ಹಬ್ಬಕ್ಕೆ ಮೈತುಂಬ ಭಂಡಾರದ ಅರಿಷಿಣ ಬಡಿದುಕೊಂಡು ದೇವರ ಮುಂದೆ ಕುಣಿಯುತ್ತಿದ್ದ. ಮರುದಿನ ಅದೇ ಭಂಡಾರದ ಮೈಯಲ್ಲೇ ಇಸ್ಪೇಟಿಗೆ ಕೂರುತ್ತಿದ್ದ. ಬಾಯಿಗೆ ಬಂದ ಸುಳ್ಳು ಹೇಳುತ್ತಿದ್ದ. ಅವನು ಗುಂಡುಕಲ್ಲಿನ ಹಾಗೆ ಇದ್ದ.

ಇದು ಯಾವ ನ್ಯಾಯ ಅಂತ ಕಸ್ತೂರಿ ಬಸವಣ್ಣನ ಪಟದ ಮುಂದೆ ನಿಂತು ಕೇಳಿದಳು. ಅವತ್ತಿನಿಂದ ಗೋಡೆಯಾಚೆಯ ಕೂಗು ಶುರುವಾಗುವ ಮೊದಲೇ ಮಷೀನು ಚಾಲೂ ಮಾಡತೊಡಗಿದಳು. ಕುಟ್ಟಲು ಏನೂ ಇಲ್ಲದಿದ್ದರೂ ಚಾಲೂ ಮಾಡುತ್ತಿದ್ದಳು. ಆ ಸಪ್ಪಳದಲ್ಲಿ ಕೂಗು ಕೇಳುತ್ತಿರಲಿಲ್ಲ.

ಶೆಡ್ಡಿನಲ್ಲಿ ಸರದಿಗೆ ಕೂತ ಹೆಂಗಸರು ಸುಮ್ಮನಿರುವವರಲ್ಲ. ಶ್ರಾವಣದಲ್ಲಿ ಒಂದು ದಿನ ಓಣಿಯ ಮೂವರು ಕೂಡಿದ್ದರು. ಜೈನರ ಪದ್ಮವ್ವ, ಟಂಟಂ ಓಡಿಸುವವನ ತಾಯಿ ಹುಸೇನಬಿ, ಮತ್ತೆ ರಾಮವ್ವ. ಪದ್ಮವ್ವ ತನ್ನ ಡಬ್ಬಿ ಕೊಡದೆ ಮಡಿಲಲ್ಲೇ ಹಿಡಿದುಕೊಂಡಿದ್ದಳು.

"ಕಸ್ತೂರವ್ವ, ಮೊದಲ ಮಷೀನ ಚೊಲೋತ್ನ್ಯಾಗ ಝಾಡಸ್ರಿ. ಹುಸೇನಬಿ ಬಳ್ಳೊಳ್ಳಿ ನನ್ನ ಖಾರದಾಗ ಬರಬಾರದು. ನಮ್ಮ ಪರ್ವ ಬಂತು."

"ನನ್ನ ಬಳ್ಳೊಳ್ಳಿ ಕೂಡಿದ್ರ ನಿಮ್ಮ ಹತ್ತು ಧರ್ಮದಾಗ ಒಂದ ಕಡಿಮಿ ಬೀಳತೈತೇನ್ರಿ ಪದ್ಮಕ್ಕಾ?" ಅಂದಳು ಹುಸೇನಬಿ.

"ಬೀಳತೈತಿ. ದಿನಕ್ಕೊಂದು ಧರ್ಮ ಹಿಡದ ಹತ್ತು ದಿನ ನಡೀಬೇಕು. ಮೊದಲನೇದ್ದ ಕ್ಷಮಾ. ಸಿಟ್ಟ ಮಾಡಬಾರದು. ಅದಕ್ಕ ನಿನಗ ಏನೂ ಅನ್ನಾಕ ಹೋಗೂದಿಲ್ಲ."

ಎಲ್ಲರೂ ನಕ್ಕರು. ಮಾತು ಹಾಗೇ ಪಾಪದ ಕಡೆ ತಿರುಗಿತು. ಯಾವುದು ದೊಡ್ಡ ಪಾಪ? ಪದ್ಮವ್ವ ಜೀವ ತೆಗೆಯುವುದು ಅಂದಳು, ಇರುವೆಯದಾದರೂ ಸರಿ. ಹುಸೇನಬಿ ತಲೆ ಅಲ್ಲಾಡಿಸಿದಳು.

"ನಮ್ಮ ಮೌಲಾನಾ ಹಸದ್ ಅಂತಾರ. ಮತ್ತೊಬ್ಬರದು ನೋಡಿ ಉರಕೊಳ್ಳೂದು. ಅದು ಗೆದ್ದಲ ಇದ್ದಾಂಗ. ನೀ ಮಾಡಿದ ನಮಾಜ್, ಇಟ್ಟ ರೋಜಾ, ಎಲ್ಲಾ ಒಳಗಿಂದೊಳಗ ತಿಂದ ಹಾಕತೈತಿ."

"ನಮ್ಮಾಗೂ ಮತ್ಸರ ಅಂತಾರ" ಅಂದಳು ಕಸ್ತೂರಿ. ಮಠದಲ್ಲಿ ಕೇಳಿದ ಮಾತು. ಹೇಳಿ ಮಷೀನಿನ ಕಡೆ ತಿರುಗಿದಳು.

"ನನಗ ಅಷ್ಟೆಲ್ಲಾ ತಿಳಿಯಂಗಿಲ್ಲವಾ" ಅಂದಳು ರಾಮವ್ವ. "ನಮ್ಮವ್ವ ಒಂದ ಹೇಳಿದ್ಲು. ಉಣ್ಣೋರ ಗಂಗಾಳ ನೋಡಬ್ಯಾಡ ಅಂತ. ಅಷ್ಟ." ಹಾಗೆಂದವಳೇ ಕಸ್ತೂರಿಯ ಕಡೆ ಕೈ ಚಾಚಿದಳು. "ಅಕ್ಕಾ, ಮನ್ಯಾಗ ಮೆಣಸಿನಕಾಯಿ ತೀರ್ಯಾವು. ಒಂದ ಬುಟ್ಟಿ ಕೊಡು. ಅವಗ ಸಪ್ಪಂದು ಹಾಕಿದ್ರ ಗಂಗಾಳ ಒಗೀತಾನ."

ಶೆಡ್ಡಿನ ಮೂಲೆಯಲ್ಲಿ ಎರಡು ಚೀಲ ಇದ್ದವು. ಒಂದರಲ್ಲಿ ಈ ವರ್ಷದ ಕಾಯಿ, ಕೆಂಪಗೆ, ಮುಟ್ಟಿದರೆ ಸೀನು ಬರುವಂಥದ್ದು. ಇನ್ನೊಂದರಲ್ಲಿ ಹೋದ ಮಳೆಗಾಲದಲ್ಲಿ ನೀರು ಹೊಕ್ಕು ನೆನೆದು ಒಣಗಿದ್ದು. ಬಣ್ಣ ಮಾಸಿದ ಹೊಟ್ಟು, ಒಳಗೆ ಬೀಜವೂ ಇಲ್ಲ. ತಿಪ್ಪೆಗೆ ಹಾಕಬೇಕಾದದ್ದು. "ಅವಗ ಸಪ್ಪಂದು ಹಾಕಿದ್ರ" ಅನ್ನುವ ಮಾತು ಕಸ್ತೂರಿಯ ಕಿವಿಯಲ್ಲಿತ್ತು. ಕೈ ಎರಡನೆಯ ಚೀಲಕ್ಕೆ ಹೋಯಿತು. ಬುಟ್ಟಿ ತುಂಬಿ ಮೇಲೆ ಹಿಡಿಯಷ್ಟು ಕೆಂಪು ಕಾಯಿ ಹರವಿ ಕೊಟ್ಟಳು. ರಾಮವ್ವ ನೋಡದೆ ಒಯ್ದಳು. ಈಶ್ವರನ ಶೆಡ್ಡಿನಲ್ಲಿ ಅಂಥ ಕೆಲಸ ನಡೆದದ್ದು ಅದೇ ಮೊದಲು.

ಅಲ್ಲಿಂದ ಗೋಡೆಯಾಚೆ ಬೈಗುಳ ಕಡಿಮೆ ಆಗಲಿಲ್ಲ, ಹೆಚ್ಚಾಯಿತು. "ಏ ರಾಮೀ, ಇದೇನ ಪಲ್ಲೆ ಏನ ಮುಸರಿ?" ಕಸ್ತೂರಿಗೆ ಇನ್ನಷ್ಟು ಉರಿಯಿತು.

ಒಂದು ದಿನ ನಳದ ಹತ್ತಿರ ರಾಮವ್ವ ಸಿಕ್ಕಳು. ಮಾಲಿಂಗಪ್ಪ ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಉಳ್ಳಾಗಡ್ಡಿ ಜಜ್ಜಿಕೊಂಡು ತಿನ್ನುತ್ತಿದ್ದ. ಕಸ್ತೂರಿ ಕೊಡ ಇಟ್ಟು ಅಂದಳು.

"ಕಲ್ಲ ತಿಂದರೂ ಕರಗಿಸ್ತಾನ ಬಿಡವಾ ನಿನ್ನ ಗಂಡ. ಒಳ್ಳೇರು ಹೋದ್ರು, ಇಂಥಾವ್ರು ಗಟ್ಟಿ ಉಳದ್ರು."

ರಾಮವ್ವ ನಕ್ಕಳು. ನಕ್ಕು, ಪಕ್ಕಕ್ಕೆ ತಿರುಗಿ, ಕಣ್ಣು ತಾಗೀತೆಂದು ಥೂ ಥೂ ಅಂತ ಉಗುಳಿದಳು. ಕಸ್ತೂರಿ ಅದನ್ನು ನೋಡಿದಳು.

ಸ್ವಲ್ಪ ದಿನಕ್ಕೆ ಮಾಲಿಂಗಪ್ಪ ಹಾಸಿಗೆ ಹಿಡಿದ. ಊಟ ಬೇಡ, ಮೈ ಬಿಸಿ, ಎದ್ದರೆ ತಲೆ ತಿರುಗುತ್ತದೆ. ರಾಮವ್ವ ಬೀರಪ್ಪನ ಗುಡಿಯ ಭಂಡಾರ ತಂದು ದಿನಾ ಅವನ ಹಣೆಗೆ, ಮುಖಕ್ಕೆ, ಎದೆಗೆ ಹಚ್ಚಿದಳು. ಅವನು ಮಲಗಿದ ಕಂಬಳಿಯೂ ಹಳದಿಯಾಯಿತು. ಜ್ವರ ಇಳಿಯಲಿಲ್ಲ. ಆಗ ನದರು ತೆಗೆದಳು. ಉಪ್ಪು, ಮೆಣಸಿನಕಾಯಿ ಹಿಡಿದು ಅಡಿಯಿಂದ ಮುಡಿಯವರೆಗೆ ಇಳಿಸಿ ಒಲೆಯ ಕೆಂಡಕ್ಕೆ ಹಾಕಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಂತಿದ್ದರು.

ಇದರ ರೀತಿ ಎಲ್ಲರಿಗೂ ಗೊತ್ತು. ಘಾಟು ಎದ್ದು ಕೆಮ್ಮು ಬಂದರೆ ನದರು ಇಲ್ಲ, ಬರೀ ಜಡ್ಡು. ದವಾಖಾನೆಗೆ ಹೋಗಬೇಕು. ಘಾಟು ಬರದಿದ್ದರೆ ಯಾರದೋ ಕಣ್ಣು ತಾಗಿದೆ, ಡಾಕ್ಟರಿಂದ ಆಗುವ ಕೆಲಸ ಅಲ್ಲ.

ಮೆಣಸಿನಕಾಯಿ ಕರಕಾದವು. ಹೊಗೆ ಎದ್ದಿತು. ಯಾರಿಗೂ ಕೆಮ್ಮು ಬರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಸೆರಗು ಮೂಗಿನಿಂದ ತೆಗೆದರು.

"ಖರೇನ ನದರ ಐತವಾ" ಅಂದಳು ಹುಸೇನಬಿ. "ಭಾಳ ಕೆಟ್ಟ ನದರ."

ಯಾರೂ ಹೆಸರು ಹೇಳಲಿಲ್ಲ. ಯಾರೂ ಹಿಂದೆ ತಿರುಗಿಯೂ ನೋಡಲಿಲ್ಲ. ತಮ್ಮ ಬೆನ್ನ ಹಿಂದೆ ಕಸ್ತೂರಿ ನಿಂತಿದ್ದಾಳೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನದರು ಎಲ್ಲಿಂದ ಬಂತೋ ಆಕೆಗೆ ತಿಳಿಯದು, ಆ ಮೆಣಸಿನಕಾಯಿ ಎಲ್ಲಿಂದ ಬಂದದ್ದು ಅಂತ ತಿಳಿದಿತ್ತು. ಅವುಗಳಲ್ಲಿ ಘಾಟೇ ಇರಲಿಲ್ಲ. ಹೇಳಬಹುದಾಗಿತ್ತು. ಹೇಳಿದರೆ ಕಣ್ಣು ಹಾಕಿದವಳು ಅನ್ನುವುದು ತಪ್ಪುತ್ತಿತ್ತು, ಹಾಳು ಮಾಲು ಕೊಟ್ಟವಳು ಅನ್ನುವುದು ಅಂಟುತ್ತಿತ್ತು. ಈಶ್ವರನ ಹೆಸರಿಗೂ ಅಂಟುತ್ತಿತ್ತು. ಸುಮ್ಮನೆ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಕೂಗು ಇಲ್ಲ. ಕಸ್ತೂರಿ ಮಷೀನು ಚಾಲೂ ಮಾಡಲಿಲ್ಲ. ಎರಡೂ ಮನೆ ಒಂದೇ ಥರ ಆಗಿದ್ದವು. ಆಕೆಗೆ ಸಮಾಧಾನ ಆಯಿತು. ಹೌದು, ಸಮಾಧಾನವೇ ಆಯಿತು.

ಬಿಸಿಲು ಏರಿದ ಮೇಲೆ ರಾಮವ್ವ ಚರಗಿ ತುಂಬ ನೀರು ಹಿಡಿದು ಬಾಗಿಲಿಗೆ ಬಂದಳು. ತಲೆ ಬಾಚಿರಲಿಲ್ಲ.

"ಹುಸೇನಬಿ ಒಂದ ಹೇಳಿದ್ಲಕ್ಕಾ."

"ಏನ ಹೇಳಿದ್ಲು?"

"ಅವರಾಗ ಹಿಂಗ ಆದ್ರ, ಕೈ, ಮಾರಿ ತೊಳದ ನೀರ ಇಸ್ಕೊಂಡ ಬಂದ ಜಡ್ಡಿದ್ದವರ ಮ್ಯಾಲ ಹಾಕ್ತಾರಂತ. ಗುಣಾ ಆಗತೈತಂತ."

"ಯಾರ ಕೈ, ಮಾರಿ?"

ರಾಮವ್ವ ಚರಗಿಯನ್ನೇ ನೋಡಿದಳು.

"ಯಾರದು ಅಂತ ಹೇಳವಾ. ಬಾಯಿ ಐತಲ್ಲ ನಿನಗ."

"ನಾ ಯಾರ ಹೆಸರೂ ಹೇಳೂದಿಲ್ಲ. ಓಣ್ಯಾಗ ಎಲ್ಲಾರ ಕಡೆನೂ ಇಸ್ಕೋತೀನಿ. ಬಾಜೂ ಮನಿ ಅಂತ ಮೊದಲ ನಿನ್ನ ಕಡೆ ಬಂದೆ."

"ಎಲ್ಲಾರೂ ತೊಳೀಲಿ, ಕಡೀಕ ತೊಳೀತೀನಿ ನಾ" ಅಂದಳು ಕಸ್ತೂರಿ. "ಮತ್ತ ಇವು ಖಾರದ ಕೈ. ಈ ನೀರ ಹಾಕಿದ್ರ ನಿನ್ನ ಗಂಡಗ ಮೈಯೆಲ್ಲಾ ಉರದು ಓಡಿಹೋದಾನು."

"ಓಡ್ಲಿ ಬಿಡಕ್ಕಾ. ಏಳಲಿ ಸಾಕು."

ಕಸ್ತೂರಿ ಚರಗಿ ತೆಗೆದುಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಂಡು, ನಡಿ, ನೋಡತೀನಿ ಅಂತ ಹೊರಟಳು.

ಮಾಲಿಂಗಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಮುಖದ ತುಂಬ ಭಂಡಾರ. ಗುಂಡುಕಲ್ಲು ಅನ್ನಿಸಿಕೊಂಡವನು ಒಂದು ಹಿಡಿ ಆಗಿದ್ದ. ಸಪ್ಪಳಕ್ಕೆ ತಿರುಗಿ ಕಸ್ತೂರಿಯನ್ನು ನೋಡಿದ.

"ಬಾ ಕಸ್ತೂರಕ್ಕಾ. ಈಶ್ವರಣ್ಣಗ ಏನರ ಹೇಳೂದೈತೇನ? ಅತ್ತಾಗ ಹೊಂಟೀನಿ."

ತಮಾಷೆಗೆ ಅಂದದ್ದು. ಈ ಕುಡುಕ ತನಗಿಂತ ಮೊದಲು ಈಶ್ವರನ ಮುಖ ನೋಡುತ್ತಾನೆ. ಅದಕ್ಕೂ ಕಸ್ತೂರಿಗೆ ಹೊಟ್ಟೆಕಿಚ್ಚಾಯಿತು. ಆಗಲೇ ಆಕೆ ಅವನ ಕಣ್ಣು ನೋಡಿದ್ದು.

ಭಂಡಾರ ಹಣೆಗೆ ಹತ್ತುತ್ತದೆ, ಕೆನ್ನೆಗೆ ಹತ್ತುತ್ತದೆ. ಕಣ್ಣಿನ ಒಳಗೆ ಹತ್ತುವುದಿಲ್ಲ. ಮಾಲಿಂಗಪ್ಪನ ಕಣ್ಣಿನ ಬಿಳಿ ಅರಿಷಿಣದ ಹಾಗೆ ಇತ್ತು. ಈಶ್ವರನ ಕಣ್ಣು ಕೂಡ ಹೀಗೇ ಇತ್ತು. ರಾಮವ್ವ ದಿನಾ ಹಳದಿ ಹಚ್ಚಿದ್ದಳು, ದಿನಾ ಹಳದಿ ಕಂಡಿದ್ದಳು. ಒಳಗಿನ ಹಳದಿ ಆಕೆಗೆ ಹೇಗೆ ಗೊತ್ತಾಗಬೇಕು?

ಕಸ್ತೂರಿ ಏನೂ ಹೇಳದೆ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ ಕೂತಳು.

ಹೇಳದಿದ್ದರೆ ಏನಾಗುತ್ತದೆ ಅಂತ ಓಣಿಯಲ್ಲಿ ಆಕೆಗೊಬ್ಬಳಿಗೇ ತಿಳಿದಿತ್ತು. ಅವರು ಓಣಿಯ ಮಂದಿಯ ಕೈತೊಳೆದ ನೀರು ಸುರಿಯುತ್ತ ಇರುತ್ತಾರೆ. ಕಡೆಗೆ ಯಾರೋ ಗಾಡಿ ತರುತ್ತಾರೆ. ಇಷ್ಟು ದಿನ ಏನ ಮಾಡಾಕತ್ತಿದ್ರಿ ಅಂತ ಡಾಕ್ಟರು ಕೇಳುತ್ತಾರೆ. ರಾಮವ್ವನ ಕುಂಕುಮ ಹೋಗುತ್ತದೆ. ಬೆಳಗಾದರೆ ಗೋಡೆಯ ಎರಡೂ ಕಡೆ ಯಾರೂ ಕೂಗುವುದಿಲ್ಲ. ಆಕಿನೂ ಒಮ್ಮೆ ನೋಡಲಿ ಅಂದುಕೊಂಡಳು ಕಸ್ತೂರಿ. ಬಾಯಿ ಬಿಟ್ಟೇ ಅಂದಳು, ಮನೆಯಲ್ಲಿ ಕೇಳುವವರು ಯಾರಿದ್ದರು. ಅಂದ ಮೇಲೆ ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ.

ಬಾಗಿಲು ಸರಿಸಿ ಪದ್ಮವ್ವ ಬಂದಳು. ಹತ್ತು ದಿನದ ಉಪವಾಸಕ್ಕೆ ಮುಖ ಒಣಗಿತ್ತು, ಬಿಳಿ ಸೀರೆ ಉಟ್ಟಿದ್ದಳು. ಎರಡೂ ಕೈ ಜೋಡಿಸಿದಳು.

"ಇವತ್ತ ನಮ್ಮ ಕ್ಷಮಾವಳಿ ಕಸ್ತೂರವ್ವ. ವರ್ಷದಾಗ ನನ್ನಿಂದ ತಿಳದೋ ತಿಳೀದನೋ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ನೀವೇನ ಮಾಡೀರಿ ನನಗ? ಮಷೀನ ಝಾಡಸ ಅಂದ್ರಿ, ಅಷ್ಟ."

"ಗೊತ್ತಿಲ್ಲ ಅಂತನ ಕೇಳೂದ್ರಿ. ಗೊತ್ತಿದ್ದಿದ್ರ ಕೇಳಾಕ ಕಾಲ ಬರತಿದ್ದಿಲ್ಲ." ಪದ್ಮವ್ವ ನಕ್ಕಳು. "ಗೊತ್ತಿದ್ದ ತಪ್ಪಿಗೆ ಕೈ ಜೋಡಸಾಕ ಭಾಳ ದೊಡ್ಡ ಗುಂಡಿಗಿ ಬೇಕು. ನಮ್ಮಂಥಾವ್ರದಲ್ಲ ಅದು. ಬರತೀನ್ರಿ, ಇನ್ನ ರಾಮವ್ವನ ಮನಿ ಐತಿ. ಪಾಪ, ಆಕಿಗೆ ಇವತ್ತ ಯಾ ಬಾಯಿಲೆ ಕ್ಷಮಾ ಕೇಳಲಿ?"

ಪದ್ಮವ್ವ ಹೊಸ್ತಿಲು ದಾಟುವ ಮೊದಲೇ ಕಸ್ತೂರಿ ಎದ್ದಿದ್ದಳು.

ಶೆಡ್ಡಿಗೆ ಹೋಗಿ ಮೊದಲನೆಯ ಚೀಲಕ್ಕೆ ಕೈ ಹಾಕಿದಳು. ಹಿಡಿ ತುಂಬ ಕೆಂಪು ಕಾಯಿ ತೆಗೆದುಕೊಂಡು ರಾಮವ್ವನ ಮನೆಗೆ ಹೋದಳು. ರಾಮವ್ವ ಚರಗಿ ಮುಂದಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಹುಸೇನಬಿ. ಕಸ್ತೂರಿ ಯಾರನ್ನೂ ಕೇಳದೆ ಒಲೆಯ ಬೂದಿ ಸರಿಸಿ, ಕೆಂಡದ ಮೇಲೆ ಅಷ್ಟನ್ನೂ ಸುರಿದಳು.

ಘಾಟು ಎದ್ದಿತು. ಹುಸೇನಬಿ ಯಾ ಅಲ್ಲಾ ಅನ್ನುತ್ತ ಹೊರಗೆ ಓಡಿದಳು. ಬಾಗಿಲಿಗೆ ಬಂದಿದ್ದ ಪದ್ಮವ್ವ ಅಲ್ಲೇ ಕೂತು ಕೆಮ್ಮಿದಳು. ಓಣಿಯ ನಾಯಿ ಕೂಡ ಸೀನಿತು. ಒಳಗಿನಿಂದ ಒಡಕು ದನಿ ಬಂತು.

"ಏ ರಾಮೀ... ಕೊಲ್ಲತೀಯೇನ... ನಾನ ಸಾಯಾಕತ್ತೇನಲ್ಲ, ತಡಿ ಒಂದೀಟು."

ಕಸ್ತೂರಿ ಕಣ್ಣೊರೆಸಿಕೊಂಡು ಅಂದಳು. "ನದರ ಇಲ್ಲ. ನಿನ್ನೆ ಸುಟ್ಟಿದ್ದು ಹಾಳ ಕಾಯಿ. ನೀರ ಹೊಕ್ಕ ಸತ್ತಿದ್ವು. ನಾನ ಕೊಟ್ಟಿದ್ದು. ಗೊತ್ತಿದ್ದ ಕೊಟ್ಟೆ, ಮ್ಯಾಲ ಚೊಲೋವು ಹರವಿ ಕೊಟ್ಟೆ. ನಿನ್ನ ಗಂಡಗ ಕಾಮಣಿ ಆಗೇತಿ. ಕಣ್ಣ ನೋಡು, ಭಂಡಾರ ನೋಡಬ್ಯಾಡ. ನಮ್ಮ ಮನಿಯವರಿಗೂ ಹಿಂಗ ಆಗಿತ್ತು."

ರಾಮವ್ವ ಕೆಮ್ಮುತ್ತಲೇ ಎದ್ದು ಬಂದಳು. ಕಸ್ತೂರಿಯ ಮುಖದ ಹತ್ತಿರ ಮುಖ ತಂದು ನಿಂತಳು. ಹೊಡೆಯುತ್ತಾಳೆ ಅನ್ನಿಸಿತು.

"ಯಾಕ ಕೊಟ್ಟಿ?"

"ನಿನ್ನ ಗಂಡ ಅದಾನ. ಅದಕ್ಕ."

ರಾಮವ್ವ ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ, ಒದ್ದೆ ಸೆರಗಿನಿಂದ ಮಾಲಿಂಗಪ್ಪನ ಮುಖದ ಭಂಡಾರ ತಿಕ್ಕಿ ತಿಕ್ಕಿ ಒರೆಸಿದಳು. ಭಂಡಾರ ಹೋಯಿತು, ಹಳದಿ ಹೋಗಲಿಲ್ಲ. ಅದನ್ನು ನೋಡಿ ಹೊರಗೆ ಬಂದಳು.

"ನಿನಗ ಬೈಯಾಕ ಈಗ ಪುರಸೊತ್ತಿಲ್ಲ. ಒಂದ ಕಡೆ ಹಿಡಿ ಬಾ. ಹುಸೇನಬಿ, ನಿನ್ನ ಮಗಗ ಟಂಟಂ ತರಾಕ ಹೇಳು."

ಟಂಟಂನಲ್ಲಿ ಮಾಲಿಂಗಪ್ಪನ ತಲೆ ರಾಮವ್ವನ ತೊಡೆಯ ಮೇಲೆ, ಕಾಲು ಕಸ್ತೂರಿಯ ತೊಡೆಯ ಮೇಲೆ. ಹಾಗೇ ಗೋಕಾಕದ ದವಾಖಾನೆ ಮುಟ್ಟಿದರು. ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು. ಕಸ್ತೂರಿ ಆ ಮಾತಿಗೆ ಕಾದು ನಿಂತಳು. ಡಾಕ್ಟರು ಅದನ್ನು ಕೇಳಲಿಲ್ಲ. ಹಾಸಿಗೆಗೆ ಹಾಕ್ರಿ, ಸಲೈನ್ ಹಚ್ಚೋಣು ಅಂದರು. ಕಸ್ತೂರಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಈಶ್ವರನನ್ನು ಮಣ್ಣಿಗೆ ಒಯ್ದ ದಿನ ಬರದ ಅಳು ಅವತ್ತು ಬಂತು. ರಾಮವ್ವನ ಗಂಡ ಉಳಿಯುತ್ತಾನೆ ಅನ್ನುವ ಸಂತೋಷಕ್ಕೆ ಬಂದ ಅಳು ಅಲ್ಲ ಅದು. ತನ್ನವನು ಯಾಕೆ ಉಳಿಯಲಿಲ್ಲ ಅಂತ ಬಂದದ್ದು.

ರಾಮವ್ವ ಬಂದು ಪಕ್ಕದಲ್ಲಿ ಕೂತಳು.

"ಎಂಥಾ ಹೆಂಗಸವಾ ನೀ. ಎಷ್ಟ ಹಾಕಿದ್ರೂ ಪಲ್ಲೆ ಖಾರ ಆಗಲಿಲ್ಲ. ದಿನಾ ಅವನ ಕಡೆ ಬೈಸ್ಕೊಂಡೆ."

"ಕೇಳಸ್ತಿತ್ತು" ಅಂದಳು ಕಸ್ತೂರಿ. "ಆ ಬೈಗುಳ ಕೇಳಿನೂ ಉರೀತಿತ್ತು ನನಗ."

ರಾಮವ್ವ ಆಕೆಯನ್ನು ತಿರುಗಿ ನೋಡಿದಳು. ನಗಬೇಕೋ ಉಗುಳಬೇಕೋ ತಿಳಿಯದೆ ಕೂತಳು. ಕ್ಷಮಾ ಅನ್ನುವ ಮಾತು ಇಬ್ಬರಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಮಾಲಿಂಗಪ್ಪ ಉಳಿದ. ಕುಡಿಯಬಾರದು, ಎಣ್ಣೆ ಖಾರ ತಿನ್ನಬಾರದು ಅಂತ ಹೇಳಿ ಕಳಿಸಿದರು. ಅವನು ನದರು ಇಳಿದದ್ದಕ್ಕೇ ಉಳಿದೆ ಅಂತ ಓಣಿಯ ತುಂಬ ಹೇಳಿಕೊಂಡು ತಿರುಗಿದ. ಅಷ್ಟು ಘಾಟು ಬಂದ ಮೇಲೆ ನದರು ನಿಲ್ಲುತ್ತದೆಯೇ ಅಂತ ಹುಸೇನಬಿಯೂ ಅಂದಳು. ಕಸ್ತೂರಿ ಎರಡನೆಯ ಚೀಲ ತಿಪ್ಪೆಗೆ ಸುರಿದಳು. ರಾಮವ್ವ ಈಗ ಮೆಣಸಿನಕಾಯಿಗೆ ಬಂದರೆ ತಾನೇ ಚೀಲಕ್ಕೆ ಕೈ ಹಾಕುತ್ತಾಳೆ. ಒಂದನ್ನು ಮುರಿದು ಮೂಸಿ, ತುದಿ ಕಡಿದು ನೋಡಿ, ನಡೀತೈತಿ ಅನ್ನುತ್ತಾಳೆ. ಎದುರಿಗೇ ಹಾಗೆ ಮಾಡುತ್ತಾಳೆ. ಕಸ್ತೂರಿ ಮಾಡಗೊಡುತ್ತಾಳೆ.

ಹೊಟ್ಟೆಕಿಚ್ಚು ಹೋಯಿತೇ? ಹೋಗಲಿಲ್ಲ. ಬೆಳಗಾದರೆ ಕಸ್ತೂರಿ ವಿಭೂತಿ ಹಚ್ಚಿಕೊಂಡು ಶೆಡ್ಡಿಗೆ ಹೋಗುತ್ತಾಳೆ. ಮಷೀನಿನ ಬಟನ್ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾಳೆ, ಒತ್ತುವುದಿಲ್ಲ. ಗೋಡೆಯಾಚೆ ಕೆಮ್ಮು ಕೇಳುತ್ತದೆ, ಪಾತ್ರೆಯ ಸಪ್ಪಳ ಕೇಳುತ್ತದೆ. ಆಮೇಲೆ ಬರುತ್ತದೆ.

"ಏ ರಾಮೀ, ಚಾ ಎಲ್ಲೈತಿ?"

ಹೊಟ್ಟೆಯಲ್ಲಿ ಚುರ್ ಅನ್ನುತ್ತದೆ. ಅದಾದ ಮೇಲೆ ಮಷೀನು ಚಾಲೂ ಮಾಡುತ್ತಾಳೆ.